ಪ್ರೊಸೆಸರನ್ನು ಓಡಿಸಿದರೆ ಸೆಕೆ ಯಾರಿಗೆ?

ಕಳೆದ ತಿಂಗಳು ಐಸಿಟಿ ಕ್ಲಾಸು ಮುಗಿಸಿ ಲ್ಯಾಬಿಗೆ ಬೀಗ ಹಾಕುತ್ತಿದ್ದೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಹಿಂದಿನಿಂದ ಬಂದು ಮೆಲ್ಲಗೆ ಕೇಳಿದ: "ಸರ್, ಕಂಪ್ಯೂಟರಿನ ಸ್ಪೀಡು ಪುಕ್ಕಟೆ ಜಾಸ್ತಿ ಮಾಡ್ಲಿಕ್ಕೆ ಆಗ್ತದಂತೆ, ಹೌದಾ? ಒಂದು ಪೈಸೆ ಖರ್ಚಿಲ್ಲವಂತೆ. ಅಣ್ಣ ಈ ಆದಿತ್ಯವಾರ ಮಾಡ್ತಾನಂತೆ."

ಆ ಮನೆಯ ಕಂಪ್ಯೂಟರಿನ ಕಥೆ ನನಗೆ ಗೊತ್ತುಂಟು. ಅಮ್ಮ ಬೀಡಿ ಕಟ್ಟಿ ಕೂಡಿಟ್ಟ ಹಣಕ್ಕೆ ಇನ್ನಷ್ಟು ಸೇರಿಸಿ ತಂದದ್ದು. ಅಕ್ಕ ಅದರಲ್ಲಿ ಮದುವೆ ಕಾಗದ, ಆಮಂತ್ರಣ ಪತ್ರಿಕೆ ಟೈಪ್ ಮಾಡಿ ತಿಂಗಳಿಗೆ ಅಷ್ಟಿಷ್ಟು ದುಡಿಯುತ್ತಾಳೆ. ಅಣ್ಣನಿಗೆ ಆಟ ಆಡಲು ಅದರ ವೇಗ ಸಾಲುವುದಿಲ್ಲ. ಹುಡುಗನಿಗೆ ಅಲ್ಲೇ ನಿಂತು ಒಂದು ಮಾತಿನ ಉತ್ತರ ಕೊಡಬಹುದಿತ್ತು. ಆದರೆ ಈ "ಪುಕ್ಕಟೆ" ಎಂಬ ಶಬ್ದದೊಳಗೆ ನಿಮ್ಮ ಹತ್ತನೇ ತರಗತಿಯ ಅರ್ಧ ಫಿಸಿಕ್ಸ್ ಅಡಗಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪ್ರೊಸೆಸರಿನ ಒಳಗೆ ಎಲ್ಲವೂ ಒಂದು ತಾಳಕ್ಕೆ ನಡೆಯುತ್ತದೆ. ಯಕ್ಷಗಾನ ನೋಡಿದವರಿಗೆ ಇದು ಸುಲಭ. ಚೆಂಡೆಯ ಒಂದು ಪೆಟ್ಟು ಬಿದ್ದು ಮುಂದಿನ ಪೆಟ್ಟು ಬೀಳುವುದರೊಳಗೆ ವೇಷಧಾರಿಯ ಹೆಜ್ಜೆ ನೆಲ ಮುಟ್ಟಿ ಮುಗಿದಿರಬೇಕು. ಪ್ರೊಸೆಸರಿನಲ್ಲೂ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳು ಸೊನ್ನೆಯಿಂದ ಒಂದಕ್ಕೆ, ಒಂದರಿಂದ ಸೊನ್ನೆಗೆ ಬದಲಾಗಿ ಸ್ಥಿರವಾಗಬೇಕು. 4 ಗಿಗಾಹರ್ಟ್ಜ್ ಅಂದರೆ ಸೆಕೆಂಡಿಗೆ 400 ಕೋಟಿ ಬಡಿತ. ಒಂದು ಬಡಿತಕ್ಕೆ ಸಿಗುವ ಸಮಯ ಸೆಕೆಂಡಿನ 400 ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಬೆಳಕು ಕೂಡ ಏಳೂವರೆ ಸೆಂಟಿಮೀಟರ್ ದಾಟುವುದಿಲ್ಲ! ಕಂಪೆನಿ ಹೇಳಿದ ವೇಗಕ್ಕಿಂತ ಹೆಚ್ಚಿನ ತಾಳಕ್ಕೆ ಪ್ರೊಸೆಸರನ್ನು ಕುಣಿಸುವುದಕ್ಕೇ ಓವರ್‌ಕ್ಲಾಕಿಂಗ್ ಎಂದು ಹೆಸರು. ಭಾಗವತರು ಲಯ ಏರಿಸಿದಾಗ ಒಳ್ಳೆಯ ವೇಷಧಾರಿ ಸ್ವಲ್ಪ ದೂರ ಹೊಂದಿಕೊಂಡು ಹೋಗುತ್ತಾನೆ. ಆಮೇಲೆ ಎಲ್ಲೋ ಒಂದು ಹೆಜ್ಜೆ ತಪ್ಪುತ್ತದೆ.

ಪುಕ್ಕಟೆ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೊಂದು ನಿಜವಾದ ಕಾರಣ ಉಂಟು. 1998ರ ಆಗಸ್ಟಿನಲ್ಲಿ ಇಂಟೆಲ್ ಕಂಪೆನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರನ್ನು ಮಾರುಕಟ್ಟೆಗೆ ತಂದಿತು. ಬೆಲೆ 149 ಡಾಲರ್. ಅದೇ ತಿಂಗಳು ಬಂದ ಪೆಂಟಿಯಮ್ 2ರ 450 ಮೆಗಾಹರ್ಟ್ಜ್ ಮಾದರಿಯ ಬೆಲೆ 669 ಡಾಲರ್. ಸೆಲೆರಾನಿನ ವೇಗ ಹೇಗೆ ಬರುತ್ತಿತ್ತು ಅಂದರೆ, ಮದರ್‌ಬೋರ್ಡಿನ ಬಡಿತ 66 ಮೆಗಾಹರ್ಟ್ಜ್ ಚಿಲ್ಲರೆ, ಅದರ ನಾಲ್ಕೂವರೆ ಪಟ್ಟು 300. ಮದರ್‌ಬೋರ್ಡಿನ ಬಡಿತವನ್ನು 100ಕ್ಕೆ ಏರಿಸಿದರೆ? ನಾಲ್ಕೂವರೆ ಪಟ್ಟು ಅಂದರೆ 450! ಬಹಳಷ್ಟು ಚಿಪ್ಪುಗಳು 2 ವೋಲ್ಟಿನಲ್ಲೇ ಇದನ್ನು ತಡೆದುಕೊಂಡವು. ಆ ಕಾಲದಲ್ಲಿ ಕಂಪೆನಿಗಳು ಬೇರೆ ಬೇರೆ ಬೆಲೆಗೆ ಮಾರಲು ಒಂದೇ ಬಗೆಯ ತಯಾರಿಕೆಯ ಚಿಪ್ಪುಗಳಿಗೆ ಬೇರೆ ಬೇರೆ ವೇಗದ ಮುದ್ರೆ ಒತ್ತುವುದಿತ್ತು. ಅದರ ಬಿಸಿಯೂ ಸುಮಾರು 19 ವ್ಯಾಟ್ ಮಾತ್ರ. ಒಂದೂವರೆ ಪಟ್ಟಾದರೂ ಮೂವತ್ತು ದಾಟುವುದಿಲ್ಲ. ಸಣ್ಣ ಫ್ಯಾನು ಸಾಕು.

ಆ ಆಸೆಗೆ ನಾನೂ ಬಿದ್ದವನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು ತಂದಿದ್ದೆ, ಇದೇ ಸೆಲೆರಾನಿನದ್ದು. 100ಕ್ಕೆ ಏರಿಸಿದೆ. ಡಿಸೆಂಬರದಲ್ಲಿ ಎಂತ ತೊಂದರೆಯೂ ಇಲ್ಲ. ಮಾರ್ಚಿನ ಸೆಕೆ ಶುರುವಾದಾಗ ಮಧ್ಯಾಹ್ನ ಹೊತ್ತಿಗೆ ಸ್ಕ್ರೀನು ಹೆಪ್ಪುಗಟ್ಟಿದ ಹಾಗೆ ನಿಲ್ಲತೊಡಗಿತು. ನಾನು ಜಾಣ ನೋಡಿ, 83ಕ್ಕೆ ಇಳಿಸಿದೆ. 375 ಮೆಗಾಹರ್ಟ್ಜ್ ಬಂತು. ನಿಲ್ಲುವುದೂ ತಪ್ಪಿತು. "ಅಂತೂ ಕಾಲು ಭಾಗ ಲಾಭ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. ಆ ವರ್ಷದ ಪ್ರಶ್ನೆಪತ್ರಿಕೆಗಳನ್ನು ಅದರಲ್ಲೇ 'ಬರಹ' ಹಾಕಿಕೊಂಡು ಟೈಪ್ ಮಾಡಿದ್ದೆ. ಪರೀಕ್ಷೆಗೆ ಎರಡು ದಿನ ಇರುವಾಗ ತೆರೆದರೆ ಮೂರು ಫೈಲುಗಳು ತೆರೆಯುವುದೇ ಇಲ್ಲ, ನಾಲ್ಕನೆಯದರಲ್ಲಿ ಅರ್ಧದಿಂದ ಕೆಳಗೆ ಬರೀ ಚೌಕಗಳು. ರಾತ್ರಿಯಿಡೀ ಕೂತು ಕೈಯಲ್ಲಿ ಬರೆದು, ಸ್ಟೆನ್ಸಿಲ್ ಕೊರೆದು ಪರೀಕ್ಷೆ ಮುಗಿಸಿದೆವು.

ಏನಾಗಿತ್ತು ಅಂತ ಅರ್ಥ ಆಗಲು ಒಂದು ವರ್ಷ ಬೇಕಾಯಿತು. ಮದರ್‌ಬೋರ್ಡಿನ ಅದೇ ಬಡಿತವನ್ನು ಭಾಗಿಸಿ ಹಾರ್ಡ್‌ಡಿಸ್ಕಿನ ದಾರಿಗೂ ಕೊಡುತ್ತಾರೆ. ಆ ದಾರಿಗೆ ಬೇಕಾದದ್ದು 33 ಮೆಗಾಹರ್ಟ್ಜ್. 66 ಇದ್ದಾಗ ಎರಡರಿಂದ ಭಾಗಿಸಿದರೆ 33. 100 ಇದ್ದಾಗ ಮೂರರಿಂದ ಭಾಗಿಸಿದರೆ ಆಗಲೂ 33. ನಾನು ಜಾಣತನದಿಂದ ಆರಿಸಿದ 83 ಇದೆಯಲ್ಲ, ನನ್ನ ಬೋರ್ಡು ಅದನ್ನು ಎರಡರಿಂದಲೇ ಭಾಗಿಸುತ್ತಿತ್ತು. ಅಂದರೆ 41.5. ಪ್ರೊಸೆಸರು ಸುಖವಾಗಿ ಓಡುತ್ತಿತ್ತು; ಅದರ ಹಿಂದೆ ಹಾರ್ಡ್‌ಡಿಸ್ಕಿನ ದಾರಿ ಏದುಸಿರು ಬಿಡುತ್ತಾ ಅಕ್ಷರಗಳನ್ನು ಬೀಳಿಸಿಕೊಂಡು ಬರುತ್ತಿತ್ತು. ವೇಗವನ್ನು ಮತ್ತೆ 66ಕ್ಕೆ ತಂದ ಮೇಲೆ ಒಂದು ಫೈಲೂ ಕೆಡಲಿಲ್ಲ. ಯಂತ್ರ ನಿಂತುಹೋದರೆ ನಿಮಗೆ ಗೊತ್ತಾಗುತ್ತದೆ. ನಿಲ್ಲದೆ ತಪ್ಪು ಮಾಡುತ್ತಾ ಹೋದರೆ ಗೊತ್ತಾಗುವುದು ಫೈಲು ಬೇಕಾದ ದಿನ.

ಈಗಿನ ಬೋರ್ಡುಗಳಲ್ಲಿ ಈ ಎರಡು ಬಡಿತಗಳು ಬೇರೆ ಬೇರೆ, ಆ ಒಂದು ಭಯ ಇಲ್ಲ. ಅದರ ಬದಲು ಬೇರೊಂದು ಬಂದಿದೆ. ಅದೇ ಬಿಸಿ.

ಟ್ರಾನ್ಸಿಸ್ಟರು ಬದಲಾಗುವಾಗ ಏನಾಗುತ್ತದೆ? ಪ್ರತಿಯೊಂದೂ ಒಂದು ಪುಟಾಣಿ ಕೆಪಾಸಿಟರಿನ ಹಾಗೆ. ವಿದ್ಯುದಂಶ ತುಂಬಬೇಕು, ಖಾಲಿ ಮಾಡಬೇಕು. ಹೀಗೆ ತುಂಬಿ ಖಾಲಿ ಮಾಡಿದ ಶಕ್ತಿಯೆಲ್ಲ ಕೊನೆಗೆ ಉಷ್ಣವಾಗುತ್ತದೆ. ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೋ ಅಷ್ಟು ಪಟ್ಟು ಬಿಸಿ. ಇದು ನ್ಯಾಯವಾದ ಲೆಕ್ಕ. ಆದರೆ ವೋಲ್ಟೇಜಿನ ಲೆಕ್ಕ ಬೇರೆ. ಅದರ ವರ್ಗಕ್ಕೆ ಅನುಗುಣವಾಗಿ ಬಿಸಿ ಏರುತ್ತದೆ. ಬಡಿತ ವೇಗವಾದಾಗ ಹೆಜ್ಜೆ ತಪ್ಪದಂತೆ ಟ್ರಾನ್ಸಿಸ್ಟರು ಬೇಗ ಬದಲಾಗಬೇಕಾದರೆ ವೋಲ್ಟೇಜು ಏರಿಸದೆ ದಾರಿಯಿಲ್ಲ.

ಒಂದು ಲೆಕ್ಕ ಮಾಡಿ. ಪೂರ್ತಿ ಕೆಲಸದಲ್ಲಿ 90 ವ್ಯಾಟ್ ತಿನ್ನುವ ಪ್ರೊಸೆಸರೊಂದು 4.0 ಗಿಗಾಹರ್ಟ್ಜ್, 1.20 ವೋಲ್ಟಿನಲ್ಲಿ ಇದೆ ಎಂದು ಇಟ್ಟುಕೊಳ್ಳಿ. ಅದನ್ನು 4.6ಕ್ಕೆ ಏರಿಸಿದಿರಿ, ಅದಕ್ಕಾಗಿ 1.35 ವೋಲ್ಟು ಕೊಟ್ಟಿರಿ. ವೇಗ ಹೆಚ್ಚಿದ್ದು 1.15 ಪಟ್ಟು. ವೋಲ್ಟೇಜು 1.125 ಪಟ್ಟು, ಅದರ ವರ್ಗ ಸುಮಾರು 1.27. ಎರಡನ್ನೂ ಗುಣಿಸಿದರೆ 1.45 ಚಿಲ್ಲರೆ. ಅಂದರೆ ನೂರಕ್ಕೆ 15 ವೇಗ ಬಂತು, ನೂರಕ್ಕೆ 45 ಬಿಸಿ ಬಂತು. 90 ವ್ಯಾಟ್ ಇದ್ದದ್ದು 131 ಆಯಿತು. ಟ್ರಾನ್ಸಿಸ್ಟರು ಮುಚ್ಚಿದ್ದಾಗಲೂ ಹಳೆ ನಲ್ಲಿಯ ಹಾಗೆ ಸ್ವಲ್ಪ ವಿದ್ಯುತ್ತು ಸೋರುತ್ತಿರುತ್ತದೆ. ಬಿಸಿಯಾದಷ್ಟೂ ಆ ಸೋರಿಕೆ ಜಾಸ್ತಿ, ಸೋರಿದಷ್ಟೂ ಬಿಸಿ ಜಾಸ್ತಿ. ಅದನ್ನು ನಾನು ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ.

"131 ವ್ಯಾಟ್ ಎಂತ ದೊಡ್ಡದು ಸರ್? ಇಸ್ತ್ರಿಪೆಟ್ಟಿಗೆಗೆ ಸಾವಿರ ವ್ಯಾಟ್ ಉಂಟಲ್ಲ!" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಇಸ್ತ್ರಿಪೆಟ್ಟಿಗೆಯ ತಳದ ವಿಸ್ತೀರ್ಣ ಅಳೆದು ನೋಡಿ, ಸುಮಾರು 150ರಿಂದ 180 ಚದರ ಸೆಂಟಿಮೀಟರ್ ಬರುತ್ತದೆ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಆರೇಳು ವ್ಯಾಟ್. ಪ್ರೊಸೆಸರಿನ ಒಳಗಿನ ನಿಜವಾದ ಸಿಲಿಕಾನ್ ತುಂಡು ಹೆಬ್ಬೆರಳಿನ ಉಗುರಿನಷ್ಟು, ಒಂದೂವರೆ ಎರಡು ಚದರ ಸೆಂಟಿಮೀಟರ್. 131 ವ್ಯಾಟನ್ನು ಅದಕ್ಕೆ ಭಾಗಿಸಿ. ಇಸ್ತ್ರಿಪೆಟ್ಟಿಗೆಯ ಹತ್ತು ಪಟ್ಟು! ಅಷ್ಟಾದರೂ ಅದು 100 ಡಿಗ್ರಿಯೊಳಗೆ ಇರಬೇಕು. ಹಾಗಾದರೆ ಆ ಬಿಸಿಯನ್ನು ಎಷ್ಟು ಅವಸರದಿಂದ ಹೊತ್ತುಕೊಂಡು ಹೋಗಬೇಕಾಗುತ್ತದೆ, ಯೋಚಿಸಿ.

ಹೊರುವ ಕೆಲಸ ಹಂತ ಹಂತವಾಗಿ ನಡೆಯುತ್ತದೆ. ಚಿಪ್ಪಿನಿಂದ ಮೇಲಿನ ಲೋಹದ ಮುಚ್ಚಳಕ್ಕೆ, ಅಲ್ಲಿಂದ ಹೀಟ್‌ಸಿಂಕಿಗೆ, ಅದರ ರೆಕ್ಕೆಗಳಿಂದ ಗಾಳಿಗೆ. ಮುಚ್ಚಳವೂ ಹೀಟ್‌ಸಿಂಕೂ ನುಣುಪಾಗಿ ಕಂಡರೂ ಒಂದರ ಮೇಲೊಂದು ಇಟ್ಟಾಗ ನಡುವೆ ಕಾಣದಷ್ಟು ಸಣ್ಣ ಗಾಳಿಯ ಗುಳಿಗಳು ಉಳಿಯುತ್ತವೆ. ಗಾಳಿಗಿಂತ ತಾಮ್ರ ಸುಮಾರು ಹದಿನೈದು ಸಾವಿರ ಪಟ್ಟು ಒಳ್ಳೆಯ ಉಷ್ಣವಾಹಕ. ಆ ಗುಳಿಗಳನ್ನು ತುಂಬಲಿಕ್ಕೇ ಥರ್ಮಲ್ ಪೇಸ್ಟ್. ಕಡಲೆಕಾಳಿನಷ್ಟು ಸಾಕು. ದೋಸೆಗೆ ಬೆಣ್ಣೆ ಹಾಕಿದ ಹಾಗೆ ಮೆತ್ತಿದರೆ ಪೇಸ್ಟೇ ದಪ್ಪದ ಗೋಡೆಯಾಗುತ್ತದೆ. ವರ್ಷಗಳು ಕಳೆದಂತೆ ಅದು ಒಣಗುವುದೂ ಉಂಟು.

ದೊಡ್ಡ ಕೂಲರುಗಳಲ್ಲಿ ತಾಮ್ರದ ಕೊಳವೆಗಳಿರುತ್ತವೆ. ಹೆಚ್ಚಿನವರು ಅವು ಗಟ್ಟಿ ಸರಳುಗಳು ಎಂದುಕೊಂಡಿದ್ದಾರೆ. ಅಲ್ಲ. ಒಳಗೆ ಗಾಳಿ ತೆಗೆದು ಕೆಲವೇ ಹನಿ ನೀರು ಇಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆಯಾದ್ದರಿಂದ ನೀರು ಕಡಿಮೆ ತಾಪಕ್ಕೇ ಕುದಿದು ಆವಿಯಾಗಿ ತಣ್ಣಗಿನ ತುದಿಗೆ ಓಡುತ್ತದೆ, ಅಲ್ಲಿ ಹನಿಯಾಗಿ ಬಟ್ಟೆಬತ್ತಿಯಂಥ ಒಳಪದರದಲ್ಲಿ ಹಿಂದಕ್ಕೆ ಹರಿಯುತ್ತದೆ. ಇಡ್ಲಿ ಅಟ್ಟದ ಮುಚ್ಚಳ ತೆಗೆದಾಗ ಕೈಸುಡುವ ಆ ಹನಿಗಳು ನೆನಪಾಗಲಿ. ಆವಿ ಹನಿಯಾಗುವಾಗ ಬಿಟ್ಟುಕೊಡುವ ಗುಪ್ತೋಷ್ಣವೇ ಇಲ್ಲಿ ಹೊರೆ ಹೊರುವುದು.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಓಮ್‌ನ ನಿಯಮ ಗೊತ್ತಲ್ವಾ? ವಿದ್ಯುತ್ತಿಗೆ ರೋಧ ಇದ್ದ ಹಾಗೆ ಉಷ್ಣಕ್ಕೂ ರೋಧ ಉಂಟು. ಒಂದು ವ್ಯಾಟ್ ಹರಿಸಲು ಎಷ್ಟು ಡಿಗ್ರಿ ವ್ಯತ್ಯಾಸ ಬೇಕು ಎಂಬುದೇ ಅದರ ಅಳತೆ. ಒಂದು ಸಾಧಾರಣ ಕೂಲರಿನಲ್ಲಿ ಚಿಪ್ಪಿನಿಂದ ಗಾಳಿಯವರೆಗೆ ವ್ಯಾಟಿಗೆ 0.4 ಡಿಗ್ರಿ ಎಂದು ಹಿಡಿಯಿರಿ. ಮೊದಲಿನ 90 ವ್ಯಾಟಿಗೆ 36 ಡಿಗ್ರಿ. ಏರಿಸಿದ 131ಕ್ಕೆ 52 ಡಿಗ್ರಿ. ಇದು ಸುತ್ತಲಿನ ಗಾಳಿಗಿಂತ ಎಷ್ಟು ಮೇಲೆ ಎಂಬ ಲೆಕ್ಕ, ನೆನಪಿರಲಿ. ಪೆಟ್ಟಿಗೆಯ ಒಳಗಿನ ಗಾಳಿ ಕೋಣೆಗಿಂತ ಆರು ಡಿಗ್ರಿ ಹೆಚ್ಚು ಎನ್ನೋಣ. ನೀಲಗಿರಿಯಲ್ಲಿ ಓದುವ ಮಕ್ಕಳೇ, ನಿಮ್ಮ ಕೋಣೆ 15 ಡಿಗ್ರಿ ಇದ್ದರೆ ಏರಿಸಿದ ಪ್ರೊಸೆಸರು 73ರಲ್ಲಿ ಇರುತ್ತದೆ. ಕಾಸರಗೋಡಿನ 33 ಡಿಗ್ರಿ ಸೆಕೆಯಲ್ಲಿ ಅದೇ ಯಂತ್ರ 91. ಸೊಲ್ಲಾಪುರದ ಮೇ ತಿಂಗಳ 42 ಡಿಗ್ರಿಯಲ್ಲಿ? 42ಕ್ಕೆ 6 ಕೂಡಿಸಿ, 52 ಕೂಡಿಸಿ. ನೂರು! ಸುಮಾರು ಅಲ್ಲಿಗೆ ಬಂದಾಗ ಇಂದಿನ ಪ್ರೊಸೆಸರುಗಳು ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಅಂದರೆ ಏರಿಸಿದ ವೇಗ ಬೇಕಾದಾಗಲೇ ಸಿಗುವುದಿಲ್ಲ. ಚಳಿ ದೇಶದವರು ತಮ್ಮ ಕೋಣೆಯಲ್ಲಿ ಮಾಡಿದ ಪ್ರಯೋಗವನ್ನು ವೀಡಿಯೋದಲ್ಲಿ ನೋಡಿ ನಾವು ಇಲ್ಲಿ ಮಾಡಲು ಹೊರಟರೆ ಇಪ್ಪತ್ತು ಡಿಗ್ರಿಯ ಸಾಲವನ್ನು ತಲೆಯ ಮೇಲೆ ಇಟ್ಟುಕೊಂಡೇ ಹೊರಟ ಹಾಗೆ.

ಫ್ಯಾನು ಜೋರಾಗಿ ತಿರುಗಿಸಿದರಾಯಿತು ಅಂತೀರಾ? ಗಾಳಿ ಎರಡು ಪಟ್ಟು ಬೇಕಾದರೆ ಫ್ಯಾನಿನ ವೇಗ ಎರಡು ಪಟ್ಟಾಗಬೇಕು, ಆದರೆ ಅದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟು. ಸದ್ದಂತೂ ಪಕ್ಕದ ಕೋಣೆಯಲ್ಲಿ ಓದುವವರನ್ನು ಕೇಳಿ. ನೀರಿನ ಕೂಲರು ತಂದರೂ ಅದು ಬಿಸಿಯನ್ನು ನಾಶ ಮಾಡುವುದಿಲ್ಲ, ಬೇರೆ ಕಡೆ ಸಾಗಿಸುತ್ತದೆ ಅಷ್ಟೇ. ಆ ಬೇರೆ ಕಡೆ ಅಂದರೆ ನೀವು ಕೂತಿರುವ ಕೋಣೆ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಬಿಸಿ ಹೊರಬಿಡುತ್ತಾನೆ. ಇಡೀ ಯಂತ್ರ 250 ವ್ಯಾಟ್ ತಿಂದರೆ ಮುಚ್ಚಿದ ಕೋಣೆಗೆ ಎರಡೂವರೆ ನೆಂಟರು ಬಂದು ಕೂತ ಹಾಗೆ.

ಐಸು ಇಟ್ಟು ತಣ್ಣಗೆ ಮಾಡುವ ಯೋಚನೆ ಕೆಲವರಿಗೆ ಬರುತ್ತದೆ. ಬೇಡಪ್ಪ! ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈ ಬೆವರುವುದನ್ನು ನೋಡಿದ್ದೀರಿ. ಸುತ್ತಲಿನ ಗಾಳಿಗಿಂತ ಸಾಕಷ್ಟು ತಣ್ಣಗಾದ ಲೋಹವೂ ಹಾಗೇ ಬೆವರುತ್ತದೆ, ಆ ನೀರು ಮದರ್‌ಬೋರ್ಡಿನ ಮೇಲೆ ಇಳಿಯುತ್ತದೆ. ದಾಖಲೆ ಮಾಡುವವರು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಸುರಿಯುತ್ತಾರೆ. 2022ರ ಕೊನೆಯಲ್ಲಿ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಸುರಿದು ಇಂಟೆಲಿನ ಪ್ರೊಸೆಸರೊಂದನ್ನು 9 ಗಿಗಾಹರ್ಟ್ಜ್ ದಾಟಿಸಿದರು. ಅದು ಕೆಲವು ಕ್ಷಣಗಳ ಪಂದ್ಯ. ಅದಕ್ಕೂ ಮೊದಲು ಬೋರ್ಡಿಗೆಲ್ಲ ನೀರು ತಾಗದಂತೆ ಲೇಪ ಬಳಿದಿರುತ್ತಾರೆ. ಅದರಲ್ಲಿ ಮರುದಿನ ಯಾರೂ ಮದುವೆ ಕಾಗದ ಟೈಪ್ ಮಾಡುವುದಿಲ್ಲ.

ಇನ್ನು ಪ್ರೊಸೆಸರಿನ ಹೊರಗಿನ ಖರ್ಚು. 131 ವ್ಯಾಟನ್ನು 1.35 ವೋಲ್ಟಿನಿಂದ ಭಾಗಿಸಿ ನೋಡಿ: 97 ಆಂಪಿಯರ್! ನಿಮ್ಮ ಮನೆಯ ದೊಡ್ಡ ಪ್ಲಗ್ ಪಾಯಿಂಟಿಗೆ 16 ಆಂಪಿಯರ್ ಮಿತಿ. 12 ವೋಲ್ಟನ್ನು ಇಷ್ಟಕ್ಕೆ ಇಳಿಸಿ, ಇಷ್ಟು ಪ್ರವಾಹ ಕೊಡುವ ಕೆಲಸ ಪ್ರೊಸೆಸರಿನ ಪಕ್ಕದಲ್ಲಿ ಸಾಲಾಗಿ ಕೂತ ಸಣ್ಣ ಬಿಡಿಭಾಗಗಳದ್ದು. ಮೊದಲು ಅವು ಕೊಡುತ್ತಿದ್ದದ್ದು 75 ಆಂಪಿಯರ್. ತಂತಿಯ ಬಿಸಿ ಪ್ರವಾಹದ ವರ್ಗಕ್ಕೆ ಅನುಗುಣ ಎಂಬ ಜೂಲ್ ನಿಯಮ ಹಾಕಿದರೆ ಅಲ್ಲಿನ ಬಿಸಿ 1.67 ಪಟ್ಟು. ಅಗ್ಗದ ಬೋರ್ಡುಗಳಲ್ಲಿ ಅವುಗಳ ಮೇಲೆ ಹೀಟ್‌ಸಿಂಕೇ ಇರುವುದಿಲ್ಲ. ಪ್ರೊಸೆಸರಿಗೆ ದುಬಾರಿ ಕೂಲರು ಹಾಕಿದ ಕೆಲವರಿಗೆ ಬೋರ್ಡು ಸುಟ್ಟುಹೋದದ್ದು ಹೀಗೇ.

ಕರೆಂಟು ಬಿಲ್ಲು? ಚಿಪ್ಪಿನಲ್ಲಿ ಹೆಚ್ಚಿದ್ದು 41 ವ್ಯಾಟ್. ದಾರಿಯಲ್ಲಿ ಪವರ್ ಸಪ್ಲೈ ಇತ್ಯಾದಿಗಳ ನಷ್ಟ ಸೇರಿ ಗೋಡೆಯ ಪ್ಲಗ್ಗಿನಲ್ಲಿ ಸುಮಾರು 54. ಒಂಬತ್ತು ವ್ಯಾಟಿನ ಆರು ಎಲ್‌ಇಡಿ ಬಲ್ಬು ಹೆಚ್ಚು ಉರಿಸಿದಂತೆ. ದಿನಕ್ಕೆ ನಾಲ್ಕು ಗಂಟೆ ಪೂರ್ತಿ ಕೆಲಸ ಎಂದರೆ ತಿಂಗಳಿಗೆ ಆರೂವರೆ ಯೂನಿಟ್. ಇದು ಮಾರಾಯ, ದೊಡ್ಡ ಖರ್ಚೇನಲ್ಲ. ಸುಳ್ಳು ಹೇಳಿ ಹೆದರಿಸುವುದಿಲ್ಲ. ಕರೆಂಟು ಹೋದಾಗ ಯುಪಿಎಸ್ ಬೇಗ ಬರಿದಾಗುವುದೇ ಹೆಚ್ಚು ಕಿರಿಕಿರಿ.

ದೊಡ್ಡ ಖರ್ಚು ಆಯುಷ್ಯದ್ದು. ಚಿಪ್ಪಿನೊಳಗಿನ ತಂತಿಗಳು ಎಷ್ಟು ಸಪೂರ ಅಂದರೆ ಅವುಗಳಲ್ಲಿ ಓಡುವ ಇಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನೇ ನೂಕಿಕೊಂಡು ಹೋಗುತ್ತವೆ, ಆಟಿಯ ನೀರು ತೋಡಿನ ಬದಿಯ ಮಣ್ಣನ್ನು ಕೊರೆದ ಹಾಗೆ. ಒಂದು ಕಡೆ ಮಣ್ಣು ಹೋಗಿ ತಂತಿ ಕಡಿಯುತ್ತದೆ, ಇನ್ನೊಂದು ಕಡೆ ಗುಡ್ಡೆಯಾಗಿ ಪಕ್ಕದ ತಂತಿಗೆ ತಾಗುತ್ತದೆ. 1969ರಲ್ಲಿ ಮೊಟೊರೊಲಾ ಕಂಪೆನಿಯ ಜೇಮ್ಸ್ ಬ್ಲ್ಯಾಕ್ ಇದಕ್ಕೊಂದು ಸಮೀಕರಣ ಕೊಟ್ಟರು. ಪ್ರವಾಹ ದಟ್ಟವಾದಷ್ಟೂ, ಅದಕ್ಕಿಂತ ಮುಖ್ಯವಾಗಿ ತಾಪ ಏರಿದಷ್ಟೂ ತಂತಿಯ ಆಯುಷ್ಯ ಭರದಿಂದ ಕುಗ್ಗುತ್ತದೆ ಎಂಬುದು ಅದರ ಸಾರ. ಹೆಚ್ಚಿನ ವೋಲ್ಟೇಜು ಟ್ರಾನ್ಸಿಸ್ಟರಿನ ತೆಳು ನಿರೋಧಕ ಪದರವನ್ನೂ ಸವೆಸುತ್ತದೆ. ಇದು ಊಹೆಯಲ್ಲ. ಇಂಟೆಲಿನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಕಂಪೆನಿಯದ್ದೇ ಹೊಂದಾಣಿಕೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜು ಪಡೆದು ಕೆಟ್ಟವು. 2024ರಲ್ಲಿ ಕಂಪೆನಿ ಅದನ್ನು ಒಪ್ಪಿಕೊಂಡು ಗ್ಯಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ನೀವೇ ಏರಿಸಿ ಕೆಟ್ಟರೆ ಆ ಗ್ಯಾರಂಟಿ ಸಿಗುವುದಿಲ್ಲ.

ಇಷ್ಟೆಲ್ಲ ಕೊಟ್ಟು ಸಿಗುವ 15 ಭಾಗವಾದರೂ ಪೂರ್ತಿ ಸಿಗುತ್ತದಾ? 100 ಸೆಕೆಂಡಿನ ಒಂದು ಕೆಲಸದಲ್ಲಿ 50 ಸೆಕೆಂಡು ಪ್ರೊಸೆಸರಿನ ಲೆಕ್ಕ, ಉಳಿದ 50 ಮೆಮೊರಿ ಮತ್ತು ಡಿಸ್ಕಿಗಾಗಿ ಕಾಯುವುದು ಎಂದಿಟ್ಟುಕೊಳ್ಳಿ. 50ನ್ನು 1.15ರಿಂದ ಭಾಗಿಸಿದರೆ 43.5. ಒಟ್ಟು 93.5. ಉಳಿದದ್ದು ಆರೂವರೆ ಸೆಕೆಂಡು. ಕಂಪೆನಿಗಳಿಗೂ ಈ ಗೋಡೆ ಎದುರಾಗಿತ್ತು. 2004ರಲ್ಲಿ ಇಂಟೆಲ್ ತನ್ನ 4 ಗಿಗಾಹರ್ಟ್ಜ್ ಪೆಂಟಿಯಮ್ 4ರ ಯೋಜನೆಯನ್ನೇ ಕೈಬಿಟ್ಟು 3.8ಕ್ಕೆ ನಿಂತಿತು, ಒಂದೇ ಕೋರನ್ನು ಓಡಿಸುವ ಬದಲು ಎರಡು ಕೋರುಗಳ ದಾರಿ ಹಿಡಿಯಿತು. ಈಗಿನವು ತಾಪ ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳುತ್ತವೆ. 2022ರ ಕೋರ್ ಐ9-13900ಕೆ ಮೇಲೆ ಬರೆದದ್ದು 125 ವ್ಯಾಟ್, ಏರಿದಾಗ ಕಂಪೆನಿಯೇ 253ರವರೆಗೆ ಬಿಡುತ್ತದೆ. ಸೆಲೆರಾನಿನಲ್ಲಿ ಇದ್ದಂಥ ಉಳಿಕೆ ಈಗ ನಮಗಾಗಿ ಬಿಟ್ಟಿರುವುದು ಬಹಳ ಕಡಿಮೆ.

ಹುಡುಗನ ಮನೆಗೆ ಆದಿತ್ಯವಾರ ನಾನೇ ಹೋದೆ. ಅಣ್ಣ ಬಯಾಸ್ ತೆರೆದು ಕೂತಿದ್ದ. "ಮೊದಲು ಪೆಟ್ಟಿಗೆ ತೆರೆಯೋಣ" ಎಂದೆ. ಪ್ಲಗ್ ಕಿತ್ತು ತೆರೆದರೆ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಮುರಕಲ್ಲಿನ ಕೆಂಪು ಧೂಳೂ ಬಟ್ಟೆಯ ನಾರೂ ಸೇರಿ ಕಂಬಳಿಯ ಹಾಗೆ ಕೂತಿತ್ತು. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಪೈಂಟು ಬ್ರಶ್ಶಿನಿಂದ ತೆಗೆದೆವು. ಒಣಗಿದ ಪೇಸ್ಟು ಒರೆಸಿ ಹೊಸತು ಹಾಕಿದೆವು. ಗೋಡೆಗೆ ಒತ್ತಿಟ್ಟಿದ್ದ ಪೆಟ್ಟಿಗೆಯನ್ನು ಒಂದು ಗೇಣು ಮುಂದಕ್ಕೆ ಎಳೆದೆವು. ಮತ್ತೆ ಅದೇ ಆಟ ಹಾಕಿ ನೋಡಿದರೆ ತಾಪ ಹನ್ನೆರಡು ಡಿಗ್ರಿ ಇಳಿದಿತ್ತು. ಬಿಸಿಯಾಗಿ ಕೆಳಗಿಳಿಯುತ್ತಿದ್ದ ವೇಗ ಈಗ ಕಂಪೆನಿ ಹೇಳಿದಲ್ಲೇ ನಿಂತಿತ್ತು. ಅಣ್ಣನಿಗೆ ಅರ್ಧ ಸಮಾಧಾನ. ಅಕ್ಕ ಮಾತ್ರ ಬಾಗಿಲಲ್ಲೇ ನಿಂತು, "ನನ್ನ ಫೈಲೆಲ್ಲ ಉಂಟಲ್ವಾ ಸರ್?" ಎಂದು ಎರಡು ಸಲ ಕೇಳಿದಳು.

ನಿಮ್ಮ ಶಾಲೆಯ ಲಿಟಲ್ ಕೈಟ್ಸ್ ಘಟಕದವರು, ಉಳಿದ ಊರಿನವರು ನಿಮ್ಮ ಕಂಪ್ಯೂಟರ್ ಟೀಚರನ್ನು ಕೇಳಿಕೊಂಡು, ಹೀಗೆ ಮಾಡಿ. ಕೋಣೆಯ ತಾಪವನ್ನು ಥರ್ಮಾಮೀಟರಿನಲ್ಲಿ ಬರೆದುಕೊಳ್ಳಿ. ಪ್ರೊಸೆಸರಿನ ತಾಪ ತೋರಿಸುವ ತಂತ್ರಾಂಶ ತೆರೆದು, ಸುಮ್ಮನಿದ್ದಾಗ ಒಮ್ಮೆ, ಹತ್ತು ನಿಮಿಷ ವೀಡಿಯೋ ಪರಿವರ್ತನೆಯಂಥ ಭಾರದ ಕೆಲಸ ಕೊಟ್ಟಾಗ ಒಮ್ಮೆ ಬರೆಯಿರಿ. ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಎರಡಕ್ಕೂ ಮಾಡಿ. ಎರಡು ಹೊತ್ತಿನಲ್ಲೂ ಪ್ರೊಸೆಸರಿನ ತಾಪದಿಂದ ಕೋಣೆಯ ತಾಪ ಕಳೆದಾಗ ಉತ್ತರ ಹತ್ತಿರ ಹತ್ತಿರ ಒಂದೇ ಬರುತ್ತದಾ? ಬಾರದಿದ್ದರೆ ಯಾಕೆ? ಊರಿನ ಹೆಸರು ಹಾಕಿ ಪಟ್ಟಿ ಕಳಿಸಿ. ನೀಲಗಿರಿಯದ್ದನ್ನೂ ಸೊಲ್ಲಾಪುರದ್ದನ್ನೂ ಪಕ್ಕಪಕ್ಕದಲ್ಲಿ ಇಟ್ಟು ಮುಂದಿನ ಸಂಚಿಕೆಯಲ್ಲಿ ನೋಡೋಣ.